ಸುಂಕದವನ ಮುಂದೆ ಸುಖದುಃಖ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾಡಿಯ ಮೇಲೆ ಮೂಟೆಗಳೆಷ್ಟು, ಮೂಟೆಗೆ ಸಲ್ಲಬೇಕಾದ ಹಣವೆಷ್ಟು, ಇಷ್ಟೇ ಸುಂಕದವನ ವ್ಯವಹಾರ. ಗಾಡಿಯವನ ಹೆಂಡತಿಗೆ ಜ್ವರ, ಎತ್ತಿಗೆ ಕಾಲುನೋವು ಎಂಬುದು ಅವನ ಲೆಕ್ಕದ ಪುಸ್ತಕದಲ್ಲಿ ಬರೆಯತಕ್ಕ ಬಾಬಲ್ಲ. ನಮ್ಮಂಥ ಸರ್ಕಾರಿ ಗುಮಾಸ್ತರ ಕಿವಿಗೆ ಈ ಗಾದೆ ತಿಂಗಳಿಗೆ ನಾಲ್ಕು ಸಲವಾದರೂ ಬೀಳುತ್ತದೆ. ಹೈದರಾಬಾದಿನಲ್ಲಿ ಅದನ್ನು ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿಕೊಳ್ಳುತ್ತಾರೆ. ಕೆಲವರು ಬಾಯಿ ತೆರೆಯದೆ ಬರಿಯ ಮುಖಭಾವದಲ್ಲೇ ಹೇಳಿ ಹೋಗುತ್ತಾರೆ. ಅರ್ಥ ಮಾತ್ರ ಒಂದೇ.

ಈ ಗಾದೆಯ ಮಾತು ಈಗೇಕೆ ಬಂತೆಂದರೆ, ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಮ್ಮ ಬಾಲ್ಯದ ಅಚ್ಚುಮೆಚ್ಚಿನ ಚಲಚ್ಚಿತ್ರವನ್ನು ಸುಮಾರು ಇಪ್ಪತ್ತೆಂಟು ವರ್ಷಗಳ ಮೇಲೆ ಮತ್ತೊಮ್ಮೆ ನೋಡಿದೆವು. ಚಿತ್ರ ‘ಸತ್ಯ ಹರಿಶ್ಚಂದ್ರ’. ಎಂಟನೆಯ ವಯಸ್ಸಿನಲ್ಲಿ ಅದರಲ್ಲಿ ನಾವು ಕಂಡದ್ದು ಒಬ್ಬ ರಾಜನನ್ನು. ಈಗ ಕಂಡದ್ದು ಒಬ್ಬ ಸುಂಕದವನನ್ನು. ಚಿತ್ರ ಅದೇ, ರಾಜಕುಮಾರರು ಅವರೇ, ಮಸಣವೂ ಅದೇ. ಬದಲಾದದ್ದು ನೋಡುವವರ ಉದ್ಯೋಗ!

ಮೊದಲು ಚಿತ್ರದ ವಿಷಯ ಒಂದಿಷ್ಟು. ‘ಸತ್ಯ ಹರಿಶ್ಚಂದ್ರ’ ತೆರೆಗೆ ಬಂದದ್ದು ೧೯೬೫ರಲ್ಲಿ. ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿಯವರು, ನಿರ್ಮಾಪಕರು ಕೆ. ವಿ. ರೆಡ್ಡಿಯವರು. ಹೌದು, ೧೯೫೭ರಲ್ಲಿ ‘ಮಾಯಾಬಜಾರ್’ ನಿರ್ದೇಶಿಸಿ ಆಂಧ್ರದ ಮನೆಮನೆಗೂ ಬೇಕಾದವರಾದ ಅದೇ ರೆಡ್ಡಿಯವರು. ರಾಜಕುಮಾರರು ಹರಿಶ್ಚಂದ್ರ, ಪಂಡರೀಬಾಯಿಯವರು ಚಂದ್ರಮತಿ, ಉದಯಕುಮಾರರು ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ, ಎಂ. ಪಿ. ಶಂಕರ್ ವೀರಬಾಹು. ಸಂಗೀತ ಪೆಂಡ್ಯಾಲ ನಾಗೇಶ್ವರರಾಯರದು. ಅದೇ ವರ್ಷ, ಅದೇ ಕಥೆಯನ್ನು ರೆಡ್ಡಿಯವರೇ ತೆಲುಗಿನಲ್ಲಿಯೂ ತೆಗೆದರು. ಅಲ್ಲಿ ಹರಿಶ್ಚಂದ್ರನಾದವರು ಎನ್. ಟಿ. ರಾಮರಾಯರು, ಚಂದ್ರಮತಿಯಾದವರು ಎಸ್. ವರಲಕ್ಷ್ಮಿಯವರು.

ಹೈದರಾಬಾದಿನಲ್ಲಿ ಬೆಳೆದ ಕನ್ನಡದ ಹುಡುಗನಿಗೆ ಇದು ಎಂಥ ಇಕ್ಕಟ್ಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗಲ್ಲಿಯ ತೆಲುಗು ಹುಡುಗರಿಗೆ ಹರಿಶ್ಚಂದ್ರನಾಗಲಿ, ಕೃಷ್ಣನಾಗಲಿ, ರಾಮನಾಗಲಿ, ಎಲ್ಲರೂ ಎನ್. ಟಿ. ಆರ್. ಒಬ್ಬರೇ. ‘ನಿಮ್ಮ ರಾಜಕುಮಾರ್ ಯಾರು?’ ಎಂದು ಅವರು ಕೇಳಿದಾಗ, ಅವರು ತೆಲುಗಿನಲ್ಲಿಯೂ ನಟಿಸಿದ್ದಾರೆಂದು ವಾದಿಸಲು ನಮಗೆ ಆಧಾರ ಬೇಕಾಗಿತ್ತು. ಆಧಾರವೇನೋ ಇತ್ತು. ‘ಬೇಡರ ಕಣ್ಣಪ್ಪ’ ಬಂದ ೧೯೫೪ರಲ್ಲೇ ಅದೇ ಕಥೆ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲಿ ಬಂತು. ಅದರಲ್ಲಿಯೂ ಕಣ್ಣಪ್ಪ ರಾಜಕುಮಾರರೇ. ಅವರು ತೆಲುಗಿನಲ್ಲಿ ನಟಿಸಿದ ಚಿತ್ರ ಅದೊಂದೇ. ಆದರೆ ಈ ಸಂಗತಿ ನಮಗೆ ತಿಳಿದದ್ದು ಮೀಸೆ ಬಂದ ಮೇಲೆ. ಜಗಳ ಮುಗಿದ ಮೇಲೆ ಸಾಕ್ಷಿ ಸಿಕ್ಕಿದಂತಾಯಿತು.

ನಮ್ಮ ಮನೆಯಲ್ಲಿ ಆ ಚಿತ್ರ ನೋಡಿದ್ದು ೧೯೯೭ರ ಬೇಸಿಗೆಯಲ್ಲಿ. ರಾಯಚೂರಿನಿಂದ ಬಂದ ಕಾಕಾ ವಿಡಿಯೋ ಕ್ಯಾಸೆಟ್ಟು ತಂದಿದ್ದರು. ಅದನ್ನು ಹಾಕುವ ಪೆಟ್ಟಿಗೆಯನ್ನು ಕಾಚಿಗುಡದ ಅಂಗಡಿಯಿಂದ ಒಂದು ದಿನದ ಬಾಡಿಗೆಗೆ ತಂದದ್ದಾಯಿತು. ಬಾಡಿಗೆ ದಿನದ ಲೆಕ್ಕವಾದ್ದರಿಂದ ಅದೇ ಚಿತ್ರವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಹಣ ವಸೂಲು ಮಾಡಿಕೊಂಡೆವು. ಅಕ್ಕಪಕ್ಕದ ನಾಲ್ಕಾರು ಕನ್ನಡ ಸಂಸಾರಗಳೂ ಬಂದು ಚಾಪೆಯ ಮೇಲೆ ಕುಳಿತವು. ಲೋಹಿತಾಶ್ವನನ್ನು ಹಾವು ಕಚ್ಚಿದಾಗ ನಾವು ಅಳತೊಡಗಿದೆವು. ಪಕ್ಕದಲ್ಲಿದ್ದ ಅಜ್ಜಿ ತಮ್ಮ ಕಣ್ಣೊರೆಸಿಕೊಳ್ಳುತ್ತಲೇ, “ಅಳಬ್ಯಾಡೋ, ಕಡೀಗೆ ಶಿವ ಬರ್ತಾನ, ಹುಡುಗ ಎದ್ದು ಕೂಡ್ತಾನ,” ಎಂದರು. ಬೆಳಿಗ್ಗೆ ಒಮ್ಮೆ ಎದ್ದು ಕೂತವನನ್ನು ಕಂಡಿದ್ದರೂ ಸಂಜೆಯ ಆಟದಲ್ಲಿ ಮತ್ತೆ ಅಷ್ಟೇ ಅತ್ತೆವು. ಅಜ್ಜಿಯೂ ಅಷ್ಟೇ ಅತ್ತರು.

ಈ ಕಥೆಗೂ ಅಳುವ ಬಾಲಕರಿಗೂ ಹಳೆಯ ನಂಟು. ಮಹಾತ್ಮಾ ಗಾಂಧಿಯವರು ಚಿಕ್ಕಂದಿನಲ್ಲಿ ತಂದೆಯ ಅಪ್ಪಣೆ ಪಡೆದು ಹರಿಶ್ಚಂದ್ರ ನಾಟಕ ನೋಡಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಷ್ಟು ನೋಡಿದರೂ ಅವರಿಗೆ ತೃಪ್ತಿಯಿಲ್ಲ. ಮನಸ್ಸಿನಲ್ಲೇ ಆ ಪಾತ್ರವನ್ನು ಲೆಕ್ಕವಿಲ್ಲದಷ್ಟು ಸಲ ಅಭಿನಯಿಸಿಕೊಂಡರಂತೆ, ನೆನೆದು ಅತ್ತರಂತೆ. ದೊಡ್ಡವರಾದ ಮೇಲೆ ಹರಿಶ್ಚಂದ್ರ ಚರಿತ್ರೆಯ ವ್ಯಕ್ತಿಯಾಗಿರಲಾರನೆಂದು ಅವರ ಬುದ್ಧಿ ಹೇಳಿತು. ಆದರೂ ಆ ನಾಟಕವನ್ನು ಈಗ ಓದಿದರೂ ಮನಸ್ಸು ಮೊದಲಿನಂತೆಯೇ ಕರಗೀತೆಂಬ ಅರ್ಥ ಬರುವಂತೆ ಬರೆದಿದ್ದಾರೆ. ನಮ್ಮ ದೇಶದ ಚಲಚ್ಚಿತ್ರದ ಕಥೆಯೂ ಇವನಿಂದಲೇ ಮೊದಲಾಯಿತು: ದಾದಾಸಾಹೇಬ್ ಫಾಲ್ಕೆಯವರ ಮೂಕಿಚಿತ್ರ ‘ರಾಜಾ ಹರಿಶ್ಚಂದ್ರ’ ೧೯೧೩ರ ಮೇ ೩ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅದರಲ್ಲಿ ರಾಣಿಯ ಪಾತ್ರ ವಹಿಸಿದವರು ಸಾಳುಂಕೆ ಎಂಬ ಗಂಡಸು. ಚಿತ್ರದಲ್ಲಿ ನಟಿಸಲು ಹೆಂಗಸರು ಒಪ್ಪದಿದ್ದ ಕಾಲ ಅದು. ಕನ್ನಡದಲ್ಲಿ ಆರ್. ನಾಗೇಂದ್ರರಾಯರು ೧೯೪೩ರಲ್ಲಿ ಹರಿಶ್ಚಂದ್ರನನ್ನು ಬೋಲ್‌ಪಟವಾಗಿ ತಂದರು. ಸುಬ್ಬಯ್ಯನಾಯ್ಡು, ಲಕ್ಷ್ಮೀಬಾಯಿಯವರು ಅದರಲ್ಲಿ ನಟಿಸಿದರು. ಅದಕ್ಕೆ ತಮಿಳು ಮಾತು ಕೂಡಿಸಿ ಮುಂದಿನ ವರ್ಷ ತಮಿಳುನಾಡಿನಲ್ಲಿಯೂ ತೋರಿಸಿದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂಬ ಹೆಸರು ಅದಕ್ಕಿದೆ.

ಇಷ್ಟು ಪೀಠಿಕೆ ಸಾಕು. ನಾವು ಎರಡನೆಯ ಸಲ ನೋಡಿದ ಸಂಗತಿಗೆ ಬರೋಣ.

೧೯೬೫ರ ಚಿತ್ರ ಕಪ್ಪು-ಬಿಳುಪಿನದು. ೨೦೦೮ರಲ್ಲಿ ಅದಕ್ಕೆ ಗಣಕಯಂತ್ರದಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಅದಾದ ಎರಡು ವರ್ಷಕ್ಕೆ, ೨೦೧೦ರಲ್ಲಿ, ‘ಮಾಯಾಬಜಾರ್’ಗೂ ಬಣ್ಣ ಬಂತು, ಆ ಕೆಲಸ ಮಾಡಿದ್ದು ನಮ್ಮ ಹೈದರಾಬಾದಿನ ಒಂದು ಸಂಸ್ಥೆ. ಮನೆಯಾಕೆಗೆ ಬಣ್ಣದ ಪ್ರತಿ ನೋಡುವ ಆಸೆ, ನಮಗೆ ಹಳೆಯದೇ ಬೇಕೆಂಬ ಹಟ. ಹಳೆಯದನ್ನೇ ಹಾಕಿದೆವು. ಹಾಕಿದ ಮೇಲೆ ಒಂದು ವಿಚಿತ್ರ ಕಂಡಿತು. ನಮ್ಮ ನೆನಪಿನಲ್ಲಿ ಮಸಣದ ಬೆಂಕಿ ಕೆಂಪಗೆ ಉರಿಯುತ್ತಿತ್ತು. ಕಪ್ಪು-ಬಿಳುಪಿನ ಚಿತ್ರದಲ್ಲಿ ಕೆಂಪು ಎಲ್ಲಿಂದ ಬರಬೇಕು? ಗಣಕಯಂತ್ರ ಮಾಡುವ ಕೆಲಸವನ್ನು ಎಂಟು ವರ್ಷದ ಕಣ್ಣು ೧೯೯೭ರಲ್ಲೇ ಖರ್ಚಿಲ್ಲದೆ ಮಾಡಿ ಮುಗಿಸಿತ್ತು.

ಮೊದಲು ಬದಲಾಗಿ ಕಂಡವನು ನಕ್ಷತ್ರಿಕ. ರಾಜ್ಯವನ್ನೆಲ್ಲ ಧಾರೆಯೆರೆದ ಮೇಲೂ ಹರಿಶ್ಚಂದ್ರನ ತಲೆಯ ಮೇಲೆ ವಿಶ್ವಾಮಿತ್ರನ ಸಾಲ ಉಳಿಯುತ್ತದೆ. ಅದನ್ನು ವಸೂಲು ಮಾಡಲು ಬೆನ್ನ ಹಿಂದೆ ಕಳುಹಿಸಲ್ಪಟ್ಟ ಶಿಷ್ಯ ನಕ್ಷತ್ರಿಕ. ಪೀಡಿಸಿ ಬೆನ್ನು ಬಿಡದವನಿಗೆ ‘ನಕ್ಷತ್ರಿಕ’ನೆಂದೇ ನಮ್ಮ ಭಾಷೆಯಲ್ಲಿ ಹೆಸರು ನಿಂತುಹೋಗಿದೆಯಷ್ಟೆ. ನರಸಿಂಹರಾಜು ಆ ಪಾತ್ರದಲ್ಲಿ ಬಾಯಿ ತೆರೆದರೆ ಸಾಕು, ಬಾಲ್ಯದಲ್ಲಿ ನಾವು ಚಾಪೆಯ ಮೇಲೆ ಹೊರಳಾಡಿ ನಗುತ್ತಿದ್ದೆವು. ಈ ಸಲ ನಗುವ ಪಾಳಿ ನಮ್ಮ ಮಗಳದಾಯಿತು. ನಮಗೆ ಮಾತ್ರ, ಇವನಿಗೆ ಪ್ರವಾಸ ಭತ್ಯೆ ಉಂಟೋ ಇಲ್ಲವೋ ಎಂಬ ಚಿಂತೆ ಹತ್ತಿತು. ಸಾಲ ಕೊಟ್ಟವನು ಆಶ್ರಮದಲ್ಲಿ ಕುಳಿತಿದ್ದಾನೆ. ಸಾಲ ತೀರಿಸಬೇಕಾದವನು ಕಾಡಿನಲ್ಲಿ ನಡೆಯುತ್ತಿದ್ದಾನೆ. ನಡುವೆ ಈ ಬಡಪಾಯಿ, ಮೇಲಿನವರ ಹುಕುಂ ಹೊತ್ತು, ಬಿಸಿಲಿನಲ್ಲಿ ಅವನ ಹಿಂದೆಯೇ ನಡೆಯಬೇಕು. ಊರಿನ ಬೈಗುಳವೆಲ್ಲ ಇವನಿಗೆ. ವಿಶ್ವಾಮಿತ್ರನನ್ನು ಬೈಯುವ ಧೈರ್ಯ ಯಾರಿಗಿದೆ? ಮೇಲಧಿಕಾರಿಯ ರುಜು ಬಿದ್ದ ನೋಟೀಸನ್ನು ಮನೆಮನೆಗೆ ಅಂಟಿಸಿ ಬರುವ ನಮ್ಮ ಕಚೇರಿಯ ಜವಾನನ ಮುಖ ನಮಗೆ ನೆನಪಾಯಿತು.

ಎರಡನೆಯ ಬದಲಾವಣೆ ವೀರಬಾಹುವಿನದು. ಬಾಲ್ಯದಲ್ಲಿ ಅವನನ್ನು ಕಂಡರೆ ಹೆದರಿಕೆ. ಮೈಸೂರಿನ ಪೈಲ್ವಾನರಾಗಿದ್ದ ಶಂಕರ್ ಅವರ ದೇಹವೇ ಹಾಗೆ. ಈಗ ನೋಡಿದರೆ, ಆ ಕಥೆಯಲ್ಲಿ ಹರಿಶ್ಚಂದ್ರನಿಗೆ ಉದ್ಯೋಗ ಕೊಟ್ಟು, ಮಾಡಬೇಕಾದ ಕೆಲಸವೇನೆಂದು ನೆಟ್ಟಗೆ ಹೇಳಿದ ಧಣಿ ಅವನೊಬ್ಬನೇ! ಕುಲದ ಮೇಲು-ಕೀಳನ್ನು ನೇರವಾಗಿ ಕೇಳುವ, ಹುಣಸೂರು ಕೃಷ್ಣಮೂರ್ತಿಯವರು ಬರೆದು ಘಂಟಸಾಲರು ಹಾಡಿದ ಹಾಡು ಬರುವುದೂ ಅವನ ಪಾತ್ರಕ್ಕೇ. ಅಂದಿನಿಂದ ಇಂದಿನವರೆಗೆ ಕರ್ನಾಟಕದ ಊರೂರಿನಲ್ಲಿ ಅದು ಮೊಳಗುತ್ತಲೇ ಇದೆ. ಬಾಲ್ಯದಲ್ಲಿ ನಾವು ಅದನ್ನು ತಾಳಕ್ಕಾಗಿ ಹಾಡಿಕೊಂಡೆವು. ಪ್ರಶ್ನೆಯ ಭಾರ ತಿಳಿಯುವ ವಯಸ್ಸು ಅದಲ್ಲ.

ಪ್ರಶ್ನೆಯೇನೋ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲೇ ಹಂಪೆಯ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಅದನ್ನು ಎತ್ತಿದ್ದಾನೆ. ಹಾಡಿ ಕುಣಿದು ರಾಜನನ್ನು ಮೆಚ್ಚಿಸಿದ ಕೆಳಕುಲದ ಹೆಣ್ಣುಗಳು ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಕುಲದ ಕಾರಣ ಹೇಳಿ ರಾಜ ಒಲ್ಲೆನೆನ್ನುತ್ತಾನೆ. ತಮ್ಮ ಹಾಡು ಕೇಳಿದ ಕಿವಿಗೆ, ತಮ್ಮ ಚೆಲುವನ್ನು ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ತಟ್ಟುವುದು ಹೇಗೆಂದು ಅವರು ವಾದಿಸುತ್ತಾರೆ. ಆ ವಾದಕ್ಕೆ ಸರಿಯಾದ ಉತ್ತರ ರಾಜನ ಬಳಿ ಇಲ್ಲ. ಕುಲಕ್ಕಾಗಿ ರಾಜ್ಯವನ್ನೇ ಬಿಟ್ಟವನು ಕಡೆಗೆ ಅನ್ನಕ್ಕಾಗಿ ನಿಂತದ್ದು ಚಂಡಾಲನ ಬಾಗಿಲಲ್ಲಿ. ಕಾಶಿಗೆ ಹೋಗಿ ಬಂದ ವಾಚಕರು ಹರಿಶ್ಚಂದ್ರ ಘಾಟನ್ನು ನೋಡಿಯೇ ಇರುತ್ತೀರಿ. ಅಲ್ಲಿ ಚಿತೆಗೆ ಬೆಂಕಿ ಕೊಟ್ಟು ಅದಕ್ಕೆ ಹಣ ಪಡೆಯುವವರು ಡೋಮ ಸಮಾಜದವರು. ಅವರು ಕೊಟ್ಟ ಬೆಂಕಿಯಿಲ್ಲದೆ ಯಾವ ಮೇಲು ಕುಲದವನಿಗೂ ಅಲ್ಲಿ ಸದ್ಗತಿಯಿಲ್ಲ. ಆದರೆ ಅವರನ್ನು ಮುಟ್ಟಲು ಲೋಕ ಹಿಂಜರಿದು ಬಂದಿದೆ. ತೆಲುಗು ರಂಗಭೂಮಿಯಲ್ಲಿ ಹರಿಶ್ಚಂದ್ರ ನಾಟಕದ ಮಸಣದ ದೃಶ್ಯಕ್ಕೆ ‘ಕಾಟಿ ಸೀನು’ ಎಂದು ಹೆಸರು. ಅಸ್ಪೃಶ್ಯತೆಯ ನೋವನ್ನು ಸ್ವತಃ ಉಂಡ ಮಹಾಕವಿ ಗುರ್ರಂ ಜಾಷುವಾ ಅವರ ಸ್ಮಶಾನದ ಪದ್ಯಗಳನ್ನು ನಟರು ಆ ದೃಶ್ಯದಲ್ಲಿ ಸೇರಿಸಿಕೊಂಡು ಹಾಡುತ್ತ ಬಂದಿದ್ದಾರೆ. ಎಲ್ಲರೂ ಸಮನಾಗುವ ಜಾಗವನ್ನು ಕುರಿತು ಹಾಡಲು ಅವರಿಗಿಂತ ಯೋಗ್ಯರಾರು?

ಮೂರನೆಯ ಬದಲಾವಣೆ ಚಂದ್ರಮತಿಯದು. ಇದನ್ನು ನಮಗೆ ಕಾಣಿಸಿದವರು ಮನೆಯಾಕೆ. ಕಾಶಿಯ ಬೀದಿಯಲ್ಲಿ ಹೆಂಡತಿ-ಮಗನ ಮಾರಾಟ ನಡೆಯುತ್ತಿರುವಾಗ ಅವರು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿ,

“ಮಾತು ಕೊಟ್ಟವನು ಅವನು. ಮೊದಲು ಮಾರಾಟವಾದದ್ದು ಇವಳು. ಇದು ಯಾವ ಲೆಕ್ಕ ಹೇಳಿ ನೋಡೋಣ,” ಎಂದರು.

ಬಿ.ಎ. ಓದಿದ ಪಾಂಡಿತ್ಯವನ್ನು ಇಂಥ ಹೊತ್ತಿನಲ್ಲಲ್ಲದೆ ಇನ್ನೆಂದು ಉಪಯೋಗಿಸುವುದು? “ಮಾರ್ಕಂಡೇಯ ಪುರಾಣದಲ್ಲಿ ರಾಣಿ ತಾನಾಗಿಯೇ ತನ್ನನ್ನು ಮಾರೆಂದು ಹೇಳುತ್ತಾಳೆ. ಅವನೇನೂ ಬಲವಂತ ಮಾಡಲಿಲ್ಲ,” ಎಂದೆವು.

“ಗಡುವು ತೀರುತ್ತಾ ಬಂದಿದೆ, ಸಾಲಗಾರ ಎದುರಿಗೇ ನಿಂತಿದ್ದಾನೆ, ಗಂಡ ತಲೆ ತಗ್ಗಿಸಿ ಕುಳಿತಿದ್ದಾನೆ. ಆಗ ಅವಳು ಮತ್ತೇನು ಹೇಳಬೇಕಾಗಿತ್ತು? ನೀವು ಕಚೇರಿಯಲ್ಲಿ ಇಂಥ ಒಪ್ಪಿಗೆಗೆಲ್ಲ ರುಜು ಹಾಕಿಸಿಕೊಳ್ಳುತ್ತೀರೇನು?” ಎಂದರು.

ನಾವು ಪುರಾಣವನ್ನು ಅಲ್ಲಿಗೇ ಮುಚ್ಚಿದೆವು. ಮಗಳು “ಮಾತಾಡಬೇಡಿ, ಕೇಳಿಸ್ತಿಲ್ಲ” ಎಂದಳು. ಹೂ ಕಟ್ಟುವುದು ಮುಂದುವರಿಯಿತು. ಆದರೆ ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಮಸಣಕ್ಕೂ ಬಂತು.

ಮಸಣದ ದೃಶ್ಯ ಎಲ್ಲರಿಗೂ ಗೊತ್ತಿದ್ದದ್ದೇ. ಸತ್ತ ಮಗನನ್ನು ಹೊತ್ತು ಚಂದ್ರಮತಿ ಬರುತ್ತಾಳೆ. ಕಾವಲಿನವನು ಸುಂಕ ಕೇಳುತ್ತಾನೆ. ಅವಳ ಬಳಿ ಕೊಡಲು ಏನೂ ಇಲ್ಲ. ತಾವು ಗಂಡ-ಹೆಂಡಿರೆಂದು ತಿಳಿದ ಮೇಲೂ, ಹೆಣ ತನ್ನ ಮಗನದೆಂದು ತಿಳಿದ ಮೇಲೂ ಅವನು ಸುಂಕ ಬಿಡುವುದಿಲ್ಲ. ಎಂಟನೆಯ ವಯಸ್ಸಿನಲ್ಲಿ ನಮಗೆ ಅವನ ಮೇಲೆ ಕೋಪವೇ ಬಂದಿತ್ತು. ರಾಜ್ಯವನ್ನೇ ಕೊಟ್ಟವನಿಗೆ ಒಂದಿಷ್ಟು ಸುಂಕ ಬಿಡಲು ಏನಡ್ಡಿ ಎಂದು ಅಜ್ಜಿಯನ್ನು ಕೇಳಿದ ನೆನಪು.

ಹನ್ನೊಂದು ವರ್ಷ ಸರ್ಕಾರಿ ಮೇಜಿನ ಹಿಂದೆ ಕುಳಿತ ಮೇಲೆ ಅದರ ಉತ್ತರ ನಮಗೆ ತಾನಾಗಿಯೇ ಹೊಳೆಯಿತು. ರಾಜ್ಯ ಅವನದಾಗಿತ್ತು, ಆದ್ದರಿಂದ ಕೊಡಬಲ್ಲವನಾಗಿದ್ದ. ಸುಂಕ ಅವನದಲ್ಲ, ಧಣಿಯದು. ತನ್ನದಲ್ಲದ್ದನ್ನು ಬಿಟ್ಟುಕೊಟ್ಟರೆ ಅದು ದಾನವಾಗುವುದಿಲ್ಲ, ಧಣಿಯ ಗಂಟು ಕತ್ತರಿಸಿದಂತಾಗುತ್ತದೆ. ತನ್ನವರಿಗಾಗಿ ಬಿಟ್ಟರಂತೂ ಕೇಳುವುದೇ ಬೇಡ. ನಿನ್ನೆಯ ದಿನ ಮಗನ ಹೆಣ ಹೊತ್ತು ಬಂದ ಯಾವಳೋ ಬಡವಿಯಿಂದ ಸುಂಕ ಪಡೆದು, ಇಂದು ಹೆಂಡತಿಗೆ ಮನ್ನಾ ಮಾಡಿದರೆ, ನಿನ್ನೆಯ ಆ ತಾಯಿಗೆ ಏನು ಉತ್ತರ? ಚಿತ್ರದಲ್ಲಿ ಆ ತಾಯಿ ಕಾಣುವುದಿಲ್ಲ. ಆದರೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿರುವವರೆಲ್ಲ ಅವಳೇ.

ಇದನ್ನು ಬರೆಯುವಾಗ ಒಂದು ಮುಖ ನಮ್ಮ ಕಣ್ಣೆದುರಿಗಿದೆ. ನಮ್ಮದು ಕುಟುಂಬ ಪಿಂಚಣಿಯ ಕಾಗದಗಳು ಹಾದುಹೋಗುವ ಮೇಜು. ದೀಪಾವಳಿಗೆ ನಾಲ್ಕು ತಿಂಗಳು ಮೊದಲು ಒಬ್ಬ ಹೆಂಗಸು ಬಂದರು. ಅರುವತ್ತು ದಾಟಿದ ವಯಸ್ಸು. ಗಂಡ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ತೀರಿಕೊಂಡಿದ್ದರು. ಸೇವಾ ಪುಸ್ತಕದಲ್ಲಿ ಇದ್ದ ಅವರ ಹೆಸರಿಗೂ ಮರಣ ಪ್ರಮಾಣಪತ್ರದಲ್ಲಿನ ಹೆಸರಿಗೂ ವ್ಯತ್ಯಾಸವಿತ್ತು. ಯಾರೋ ಬರೆದುಕೊಂಡವರು ಹೆಸರಿನ ನಡುವಿನ ಒಂದು ಭಾಗವನ್ನೇ ಬಿಟ್ಟಿದ್ದರು. ಕಾಗದ ಮುಂದೆ ಹೋಗುವಂತಿರಲಿಲ್ಲ. ತೆಲುಗಿನಲ್ಲಿ ಹೇಳುತ್ತಿದ್ದ ನಮ್ಮ ಮಾತಿನ ಧಾಟಿಯಿಂದಲೋ ಏನೋ ಆಕೆಗೆ ಗುರುತು ಹತ್ತಿತು.

“ತಮ್ಮಾ, ನೀ ನಮ್ಮ ಕಡಿಯಾವ ಇದ್ದಾಂಗ ಅದೀಯಲ್ಲ? ನಾವೂ ಬೀದರದವರು. ನಮ್ಮವ್ರಿಗಿ ಒಂದು ಹೆಸರಿಂದ ಯಾಕ ತಡೀತಿ?” ಎಂದರು.

ಪರನಾಡಿನಲ್ಲಿ ‘ನಮ್ಮವರು’ ಎಂಬ ಮಾತಿಗೆ ಎಷ್ಟು ಬಲವುಂಟೆಂಬುದನ್ನು ನಾವೂ ನೀವೂ ಬಲ್ಲೆವು. ಅದೊಂದು ಮಾತಿನ ಮೇಲೆಯೇ ನಮ್ಮ ಸಂಘಗಳು ನಿಂತಿವೆ. ಕಾಚಿಗುಡದ ನೃಪತುಂಗ ಶಾಲೆಯಂಥ ಸಂಸ್ಥೆ ನಿಂತದ್ದೂ ಅದರ ಮೇಲೆಯೇ. ೧೯೫೬ರಲ್ಲಿ ರಾಜ್ಯಗಳ ಗೆರೆ ಹೊಸದಾಗಿ ಎಳೆದು ಬೀದರ, ಕಲಬುರಗಿ, ರಾಯಚೂರು ಆಚೆಗೆ ಹೋದ ಮೇಲೆ, ಇಲ್ಲಿ ಉಳಿದ ಕನ್ನಡಿಗರಿಗೆ ಆ ಮಾತೇ ಊರಾಯಿತು. ಆದರೂ ಆ ದಿನ ಅದರ ಬಲಕ್ಕೆ ನಾವು ಬಾಗುವಂತಿರಲಿಲ್ಲ. ಆಕೆಯ ಹಿಂದೆ ಒಬ್ಬ ಮುಸಲ್ಮಾನ ಮುದುಕಿ, ಅವರ ಹಿಂದೆ ಒಬ್ಬ ತೆಲುಗು ಹುಡುಗ ನಿಂತಿದ್ದರು. ಅವರಿಗೆ ನಾವು ‘ನಮ್ಮವರು’ ಅಲ್ಲವಲ್ಲ.

“ಅವ್ವಾ, ಬರೆ ಕೈಯಿಂದ ಇದನ್ನು ಮುಂದಕ್ಕೆ ಕಳಿಸಿದರೆ ಮೇಲಿನಿಂದ ಇನ್ನೂ ಆರು ತಿಂಗಳಿಗೆ ವಾಪಸು ಬರ್ತದ. ಎರಡೂ ಹೆಸರು ಒಬ್ಬರದೇ ಅಂತ ಪ್ರಮಾಣಪತ್ರ ಮಾಡಿಸಿ ತರ್ರಿ,” ಎಂದೆವು. ಬೇಕಾದ ಕಾಗದಗಳು ಯಾವುವು, ಎಲ್ಲಿ ಹೋಗಬೇಕು, ಕೊಡಬೇಕಾದ ಹಣವೆಷ್ಟು, ಯಾರಿಗೆ ಕೊಡಬೇಕಾಗಿಲ್ಲ, ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದುಕೊಟ್ಟೆವು. ಆಕೆ ಅದನ್ನು ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಹೋದರು. ಹತ್ತು ದಿನಕ್ಕೆ ಕಾಗದ ತಂದರು. ಕಡತ ಮುಂದೆ ಹೋಯಿತು. ಹಣ ಕೈಗೆ ಬರಲು ಇನ್ನೂ ಎರಡು ತಿಂಗಳಾಯಿತು.

ನಿಯಮ ಸರಿಯಾಗಿತ್ತು, ನಾವು ನಡೆದದ್ದೂ ನಿಯಮದಂತೆ. ಆದರೆ ಮನೆಯಾಕೆ ಕೇಳಿದ ಪ್ರಶ್ನೆಯನ್ನು ಇಲ್ಲಿಗೂ ಹಾಕಿ ನೋಡಿ. ನಿಯಮ ಪಾಲಿಸಿದವರು ನಾವು. ಅದಕ್ಕೆ ಬೆಲೆ ಕೊಟ್ಟವರು ಯಾರು? ಆ ಎರಡೂವರೆ ತಿಂಗಳು ನಮ್ಮ ಸಂಬಳ ತಪ್ಪದೆ ಬಂತು. ಆಕೆಯ ಮನೆಯ ಅಕ್ಕಿಯ ಡಬ್ಬಿ ಹೇಗೆ ತುಂಬಿತೆಂದು ಯಾವ ಸೇವಾ ಪುಸ್ತಕದಲ್ಲಿಯೂ ಬರೆದಿಲ್ಲ. ಹರಿಶ್ಚಂದ್ರನ ಸತ್ಯ ದೊಡ್ಡದು, ಸಂದೇಹವಿಲ್ಲ. ಅವನೂ ಬೇಕಾದಷ್ಟು ನೊಂದ. ಆದರೆ ಅವನ ಸತ್ಯದ ಕಂತನ್ನು ಚಂದ್ರಮತಿ ಮೈಮಾರಿ ಕಟ್ಟಿದಳು, ಲೋಹಿತಾಶ್ವ ಪ್ರಾಣದಿಂದ ಕಟ್ಟಿದ. ಲೋಕ ‘ಸತ್ಯ ಹರಿಶ್ಚಂದ್ರ’ನೆಂದು ಕರೆದದ್ದು ಒಬ್ಬನನ್ನೇ.

ಹಾಗೆಂದು ಸುಂಕ ಬಿಟ್ಟುಬಿಡಬೇಕೆ? ಬಿಡಕೂಡದೆಂದೇ ನಮ್ಮ ಮತ. ಬಿಡತೊಡಗಿದರೆ ಮೊದಲು ನಮ್ಮ ಜಾತಿಯವರಿಗೆ, ಆಮೇಲೆ ನಮ್ಮ ಭಾಷೆಯವರಿಗೆ, ಕಡೆಗೆ ಲಕೋಟೆ ತಂದವರಿಗೆ ಬಿಡುವುದಾಗುತ್ತದೆ. ಈ ದಾರಿಯಲ್ಲಿ ಹೋದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಸುಂಕ ಬಿಡದಿರುವುದು ಬೇರೆ, ಸುಖದುಃಖ ಕೇಳದಿರುವುದು ಬೇರೆ. ಗಾದೆ ಇವೆರಡನ್ನೂ ಒಂದೇ ಹಗ್ಗದಿಂದ ಕಟ್ಟಿಹಾಕಿದೆ. ಚಿತ್ರದಲ್ಲಿ ರಾಜಕುಮಾರರ ಮುಖವನ್ನು ಎರಡನೆಯ ಸಲ ನೋಡಿದಾಗ ನಮಗೆ ತಿಳಿದದ್ದು ಈ ಕಟ್ಟನ್ನು ಬಿಚ್ಚುವ ಬಗೆ. ಕೈ ಸುಂಕಕ್ಕೆ ಚಾಚಿದೆ, ಕಣ್ಣಲ್ಲಿ ನೀರಿದೆ. ನೀರು ಬಂತೆಂದು ಕೈ ಹಿಂದಕ್ಕೆ ಬರಲಿಲ್ಲ. ಕೈ ಚಾಚಿದೆನೆಂದು ಕಣ್ಣು ಬತ್ತಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದಿರುವುದು ಎಷ್ಟು ಕಷ್ಟವೆಂಬುದು ಎಂಟು ವರ್ಷದ ಹುಡುಗನಿಗೆ ತಿಳಿಯಲಾರದು. ಬೆಳಿಗ್ಗೆ ಹತ್ತೂವರೆಗೆ ಮೇಜಿನ ಮುಂದೆ ಸಾಲು ನಿಂತಾಗ ಚೆನ್ನಾಗಿ ತಿಳಿಯುತ್ತದೆ. ಕಣ್ಣನ್ನು ಬತ್ತಿಸಿಕೊಂಡುಬಿಡುವುದೇ ನಮ್ಮ ಉದ್ಯೋಗದಲ್ಲಿ ಸುಲಭದ ದಾರಿ. ಅದಕ್ಕೆ ಯಾವ ಮೇಲಧಿಕಾರಿಯೂ ನೋಟೀಸು ಕೊಡುವುದಿಲ್ಲ.

ಚಿತ್ರದ ಕೊನೆಯನ್ನು ಹೇಳದಿದ್ದರೆ ವಾಚಕರು ನಮ್ಮನ್ನು ಕ್ಷಮಿಸಲಾರರು. ರಾಜಕುಮಾರನ ಕೊಲೆಯ ಅಪವಾದ ಹೊತ್ತ ಚಂದ್ರಮತಿಯ ತಲೆ ಕಡಿಯುವ ಕೆಲಸವೂ ಹರಿಶ್ಚಂದ್ರನ ಪಾಲಿಗೇ ಬರುತ್ತದೆ. ಅವನು ಕತ್ತಿಯೆತ್ತುತ್ತಾನೆ. ಆಗ ದೇವರು ಪ್ರತ್ಯಕ್ಷ. ಮಗ ಎದ್ದು ಕೂಡುತ್ತಾನೆ, ರಾಜ್ಯ ಮರಳುತ್ತದೆ, ವಿಶ್ವಾಮಿತ್ರನೂ ಸೋತೆನೆಂದು ಒಪ್ಪುತ್ತಾನೆ. ಮಗಳು ಚಪ್ಪಾಳೆ ತಟ್ಟಿದಳು. ಅಜ್ಜಿ ಈಗಿಲ್ಲ, ಅವರ ಮಾತು ಮಾತ್ರ ಕಿವಿಯಲ್ಲಿತ್ತು. ಕಡೆಗೆ ಶಿವ ಬರುತ್ತಾನೆಂಬ ಭರವಸೆಯಿಂದ ಅವರು ಎಷ್ಟೋ ಕಷ್ಟಗಳನ್ನು ದಾಟಿದರು. ಆ ಭರವಸೆಯನ್ನು ನಾವು ಹಗುರಾಗಿ ಕಾಣಲಾರೆವು.

ಆದರೆ ಕಚೇರಿಗೆ ಶಿವ ಬಂದದ್ದನ್ನು ನಾವು ಈವರೆಗೆ ಕಂಡಿಲ್ಲ. ಬೀದರದ ಆ ತಾಯಿಗೆ ಎರಡೂವರೆ ತಿಂಗಳ ನಡುವೆ ಯಾರೂ ಪ್ರತ್ಯಕ್ಷರಾಗಲಿಲ್ಲ. ಅಲ್ಲಿ ಬರಬೇಕಾದ ಕರುಣೆಯೇನಿದ್ದರೂ ನಿಯಮ ಬರೆಯುವವರ ಲೇಖನಿಯಿಂದಲೋ, ನಡೆಸುವವರ ಕೈಯಿಂದಲೋ ಬರಬೇಕು. ನಿಯಮ ಬರೆಯುವವರು ನಾವಲ್ಲ. ನಡೆಸುವವರು ಹೌದು. ಸುಂಕವನ್ನು ಬಿಡಲಾರೆವು, ಆದರೆ ಸುಂಕ ಕಟ್ಟುವ ದಾರಿಯನ್ನು ಗಿಡ್ಡ ಮಾಡಬಲ್ಲೆವು. ಮೂರು ಸಲದ ಓಡಾಟವನ್ನು ಒಂದಕ್ಕೆ ಇಳಿಸಬಲ್ಲೆವು. ಹತ್ತು ದಿನ ಮೇಜಿನ ಮೇಲೆ ಮಲಗುವ ಕಡತವನ್ನು ಎರಡನೆಯ ದಿನವೇ ಎಬ್ಬಿಸಬಲ್ಲೆವು. ಸತ್ತ ಲೋಹಿತಾಶ್ವನನ್ನು ಎಬ್ಬಿಸುವುದು ದೇವರ ಕೆಲಸ. ಕಡತ ಎಬ್ಬಿಸುವುದು ಗುಮಾಸ್ತನದು. ಅಂದು ಒಂದು ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಈಗ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಅಚ್ಚುಕಟ್ಟಾಗಿ ಬರೆಸಿ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಉರ್ದುವಿನ ಭಾಗವನ್ನು ಬರೆದುಕೊಟ್ಟವರು ನಮ್ಮ ಪಕ್ಕದ ಮೇಜಿನ ಮಿತ್ರರು. ಅವರು ಕೂಲಿ ಕೇಳಲಿಲ್ಲ. ಒಂದು ಇರಾನಿ ಚಹಾಕ್ಕೆ ಒಪ್ಪಿದರು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಬಾಲ್ಯದಲ್ಲಿಯೂ ಇಂಥದ್ದೊಂದು ಚಿತ್ರ ಇದ್ದೇ ಇರುತ್ತದೆ. ‘ಬಂಗಾರದ ಮನುಷ್ಯ’ವೋ ‘ಕಸ್ತೂರಿ ನಿವಾಸ’ವೋ ‘ಮಾಯಾಬಜಾರ್’ವೋ, ಯಾವುದಾದರೂ ಸರಿ. ರಜೆಯ ದಿನ ಅದನ್ನು ಇನ್ನೊಮ್ಮೆ ನೋಡಿ. ಆದರೆ ಒಬ್ಬರೇ ನೋಡಬೇಡಿ. ಹೂ ಕಟ್ಟುತ್ತ ಕುಳಿತು ಪ್ರಶ್ನೆ ಕೇಳುವವರು ಪಕ್ಕದಲ್ಲಿರಲಿ. ಅಂದು ನಿಮಗೆ ಕಾಣದೆ ಇಂದು ಕಂಡ ಪಾತ್ರ ಯಾವುದೆಂದು ನಮಗೆ ಒಂದು ಸಾಲು ಬರೆದು ತಿಳಿಸಿದರೆ, ಮುಂದಿನ ಸಂಚಿಕೆಯ ಈ ಅಂಕಣದಲ್ಲಿ ಎಲ್ಲರೊಡನೆ ಹಂಚಿಕೊಳ್ಳುವೆವು.

ನಮ್ಮ ಮಗಳ ಉತ್ತರ ಈಗಾಗಲೇ ಬಂದಿದೆ: ಅವಳಿಗೆ ಎಲ್ಲರಿಗಿಂತ ಮೆಚ್ಚಿಗೆಯಾದವನು ನಕ್ಷತ್ರಿಕ. ಅವಳಿಗಿನ್ನೂ ಒಂಬತ್ತು ವರ್ಷ. ನಗಲಿ.